ಹೆತ್ತವರ ತರಬೇತಿ, ಹೆತ್ತವರ ನೆಮ್ಮದಿ: ಕಾಸರಗೋಡಿನ ಒಂದು ಮನೆಯ ಪ್ರಕರಣ

ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ರಸ್ತೆ ಬಿಟ್ಟು ಸ್ವಲ್ಪ ಒಳಗೆ ಸರಿದ ಒಂದು ಊರು. ಗುರುತು ಸಿಗದಂತೆ ಊರಿನ ಹೆಸರನ್ನೂ ಮನೆಯವರ ಕೆಲವು ವಿವರಗಳನ್ನೂ ಮರೆಸಲಾಗಿದೆ. ತಾಯಿಗೆ 29 ವರ್ಷ, ಮನೆಯಲ್ಲೇ ಬೀಡಿ ಕಟ್ಟುತ್ತಾರೆ. ತಂದೆಗೆ 35, ಮಂಗಳೂರಿನ ಗ್ಯಾರೇಜೊಂದರಲ್ಲಿ ಟಿಂಕರಿಂಗ್ ಕೆಲಸ. ಬೆಳಗ್ಗೆ ಆರೂಮುಕ್ಕಾಲಕ್ಕೆ ಮನೆ ಬಿಟ್ಟರೆ ಗಾಡಿ ಇಳಿದು ಮನೆ ಸೇರುವಾಗ ರಾತ್ರಿ ಎಂಟು ದಾಟುತ್ತದೆ. ಐದು ವರ್ಷದ ಮಗ, ಒಂದೂವರೆ ವರ್ಷದ ಮಗಳು, ತಂದೆಯ ತಾಯಿ. ಮನೆಯಲ್ಲಿ ತುಳು, ಮಗನ ಶಾಲೆಯಲ್ಲಿ ಕನ್ನಡ, ಕಚೇರಿಯಿಂದ ಬರುವ ಕಾಗದವೆಲ್ಲ ಮಲಯಾಳ. ಈ ಮೂರನೆಯ ಸಂಗತಿಯೂ ಮುಂದೆ ಅಡ್ಡ ಬಂತು.

ಅಂಗನವಾಡಿಯಲ್ಲಿ ಜನವರಿಯಲ್ಲಿ ಹೆತ್ತವರಿಗಾಗಿ ಎಂಟು ವಾರದ ತರಬೇತಿ ಶುರುವಾಯಿತು. ವಾರಕ್ಕೊಂದು ದಿನ, ಗುರುವಾರ ಹತ್ತೂವರೆಗೆ, ತೊಂಬತ್ತು ನಿಮಿಷ. ನಡೆಸುವವರು ಇಬ್ಬರು, ಅಂಗನವಾಡಿ ಟೀಚರ್ ಮತ್ತು ಶಾಲಾ ಕೌನ್ಸೆಲರ್. ಹೆಸರು ಕೊಟ್ಟ ತಾಯಂದಿರು ಹನ್ನೊಂದು. ತಂದೆಯರು ಮೂವರು ಹೆಸರು ಕೊಟ್ಟರು, ಮೊದಲ ದಿನ ಬಂದವರು ಯಾರೂ ಇಲ್ಲ. ಪಾಠದ ಕ್ರಮದಲ್ಲಿ ಹೊಸತೇನಿರಲಿಲ್ಲ. ಮಗುವಿನೊಟ್ಟಿಗೆ ದಿನಕ್ಕೆ ಹತ್ತು ನಿಮಿಷ, ಒಳ್ಳೆಯದನ್ನು ಕಂಡಾಗ ಹೇಳುವುದು, ‘ಮಾಡಬೇಡ’ ಎನ್ನುವ ಬದಲು ‘ಹೀಗೆ ಮಾಡು’ ಎನ್ನುವುದು, ಸಣ್ಣ ಹಟವನ್ನು ಗಮನಿಸದೆ ಬಿಡುವುದು, ಮನೆಯ ದಿನಚರಿ, ಹೊಡೆಯದೆ ಶಿಸ್ತು, ಸಿಟ್ಟು ಬಂದಾಗ ತಾನು ತಣಿಯುವುದು, ಕೊನೆಗೆ ಒಟ್ಟು ಮರುನೋಟ. ಲೋಕದಲ್ಲಿ ಎಲ್ಲೇ ಹೋದರೂ ಇಂಥ ತರಬೇತಿಗಳ ಎಲುಬು ಹೆಚ್ಚುಕಡಿಮೆ ಇದೇ.

ಬಂದ ದೂರು, ಇದ್ದ ತೊಂದರೆ

ತಾಯಿ ಹೇಳಿಕೊಂಡದ್ದು ಮಗನ ಬಗ್ಗೆ. ಊಟಕ್ಕೆ ಮೊಬೈಲ್ ಬೇಕು, ಕೊಡದಿದ್ದರೆ ಬಟ್ಟಲು ಎಸೆಯುತ್ತಾನೆ. ತಂಗಿಯನ್ನು ದೂಡುತ್ತಾನೆ. ಬೀಡಿ ಕಟ್ಟುವಾಗ ತಡ್ಪೆಗೆ, ಅಂದರೆ ಎಲೆ, ಹೊಗೆಸೊಪ್ಪು ಇಟ್ಟ ಮೊರಕ್ಕೆ, ಕೈ ಹಾಕುತ್ತಾನೆ, ಹೊಗೆಸೊಪ್ಪು ನೆಲಕ್ಕೆ. ದಿನಕ್ಕೆ ಒಮ್ಮೆಯಾದರೂ ಪೆಟ್ಟು ಬೀಳುತ್ತದೆ. ಹೊಡೆದ ಮೇಲೆ ರಾತ್ರಿ ಅವನು ಮಲಗಿದಾಗ ಕಾಲು ಸವರುತ್ತಾ ಅಳುವುದು. ‘ಇವನನ್ನು ಸರಿ ಮಾಡಿ ಕೊಡಿ ಟೀಚರ್’ ಎಂದೇ ಅವರು ಬಂದದ್ದು.

ಶುರುವಿನಲ್ಲಿ ತಾಯಿ, ತಂದೆ ಇಬ್ಬರಿಗೂ ಎರಡು ಪ್ರಶ್ನಾವಳಿ ಕೊಡಲಾಯಿತು. ಒಂದು ಖಿನ್ನತೆಯನ್ನು ಗುರುತಿಸುವ ಪಿಎಚ್‌ಕ್ಯೂ-9. ಒಂಬತ್ತು ಪ್ರಶ್ನೆ, ಅಂಕ 0ರಿಂದ 27, ಸಾಮಾನ್ಯವಾಗಿ 10 ಮುಟ್ಟಿದರೆ ವೈದ್ಯರು ನೋಡಬೇಕು. ಇನ್ನೊಂದು 1995ರಲ್ಲಿ ಬೆರಿ ಮತ್ತು ಜೋನ್ಸ್ ರೂಪಿಸಿದ ಪೋಷಕರ ಒತ್ತಡದ ಮಾಪಕ. ಹದಿನೆಂಟು ವಾಕ್ಯ, ಅಂಕ 18ರಿಂದ 90, ಹೆಚ್ಚಾದಷ್ಟೂ ಒತ್ತಡ ಹೆಚ್ಚು.

ಈ ಎರಡನೆಯದರಲ್ಲಿ ಎರಡು ಎಡವಟ್ಟುಗಳಾದವು. ಮೊದಲನೆಯದು, ಹದಿನೆಂಟರಲ್ಲಿ ಎಂಟು ವಾಕ್ಯಗಳು ಸಂತೋಷವನ್ನು ಕುರಿತವು. ಅವುಗಳ ಅಂಕವನ್ನು ತಿರುಗಿಸಿ ಎಣಿಸಬೇಕು, 5 ಇದ್ದರೆ 1, 4 ಇದ್ದರೆ 2. ತಿರುಗಿಸದೆ ಕೂಡಿಸಿದಾಗ ಹನ್ನೊಂದು ತಾಯಂದಿರ ಅಂಕವೂ ಒಂದೇ ಕಡೆ ಗುಂಪುಗೂಡಿ ನಿಂತಿತು. ಎರಡನೆಯದು ಇನ್ನೂ ದೊಡ್ಡದು. ಓದಲು ಕಷ್ಟವೆಂದು ವಾಕ್ಯಗಳನ್ನು ಎಲ್ಲರ ಎದುರು ಗಟ್ಟಿಯಾಗಿ ಓದಿ ಕೈ ಎತ್ತಿಸಲಾಯಿತು. ‘ಮಕ್ಕಳಿಂದಾಗಿ ನನಗೆ ಬಿಡುವೇ ಇಲ್ಲ’ ಎಂಬುದಕ್ಕೆ ನೆರೆಮನೆಯವರ ಎದುರು ಹೌದೆನ್ನುವ ತಾಯಿ ಯಾರು? ಆ ಹಾಳೆಗಳನ್ನು ಬದಿಗಿಟ್ಟು, ಒಬ್ಬೊಬ್ಬರನ್ನೇ ಹಿಂದಿನ ಜಗಲಿಯಲ್ಲಿ ಕೂರಿಸಿ ಮತ್ತೆ ಕೇಳಬೇಕಾಯಿತು. ಈ ತಾಯಿಯ ಒತ್ತಡದ ಅಂಕ ಆಗ 57, ಪಿಎಚ್‌ಕ್ಯೂ 13. ತಂದೆಯದ್ದು, ಭಾನುವಾರ ಮನೆಗೆ ಹೋಗಿ ಕೇಳಿದ್ದು, 36 ಮತ್ತು 4.

13 ಎಂಬ ಮೊತ್ತಕ್ಕಿಂತ ಅದು ಎಲ್ಲಿಂದ ಬಂತೆಂಬುದು ಮುಖ್ಯ. ನಿದ್ದೆಗೆ 3, ಸುಸ್ತಿಗೆ 3, ಮನಸ್ಸು ಕುಗ್ಗಿದ್ದಕ್ಕೆ 2, ‘ನಾನು ಕೆಟ್ಟವಳು, ಮನೆಯವರಿಗೆ ನನ್ನಿಂದ ಸೋಲು’ ಎಂಬುದಕ್ಕೆ 2, ಆಸಕ್ತಿ, ಊಟ, ಗಮನ ಇವಕ್ಕೆ ಒಂದೊಂದು. ಬದುಕು ಬೇಡವೆನಿಸುವ ಪ್ರಶ್ನೆಗೆ ಸೊನ್ನೆ. ಆ ಒಂದು ಪ್ರಶ್ನೆಗೆ ಸೊನ್ನೆಯಲ್ಲದ ಉತ್ತರ ಬಂದರೆ ಮೊತ್ತ ಎಷ್ಟೇ ಇರಲಿ, ಅಂದೇ ಬೇರೆಯಾಗಿ ಮಾತಾಡಬೇಕು. ಇಲ್ಲಿ ಹದಿಮೂರರಲ್ಲಿ ಎಂಟು ಅಂಕ ನಿದ್ದೆ, ಸುಸ್ತು, ಊಟ, ಗಮನದ್ದು. ಮಗಳು ರಾತ್ರಿ ಮೂರ್ನಾಲ್ಕು ಸಲ ಎದ್ದು ಹಾಲು ಕೇಳುತ್ತಿದ್ದಳು. ಅಂದರೆ ನಿದ್ದೆಗೆಟ್ಟ ಒಬ್ಬ ಹೆಂಗಸು ‘ಮಗನನ್ನು ಸರಿ ಮಾಡಿ’ ಎಂದು ಬಂದಿದ್ದರು.

10 ದಾಟಿದ್ದರಿಂದ ಕುಟುಂಬಾರೋಗ್ಯ ಕೇಂದ್ರಕ್ಕೆ ಕಳಿಸಲಾಯಿತು. ಕೇರಳದ ಈ ಕೇಂದ್ರಗಳಲ್ಲಿ ಖಿನ್ನತೆಗೆಂದೇ ‘ಆಶ್ವಾಸಂ’ ಎಂಬ ವ್ಯವಸ್ಥೆ ಇದೆ. ಅಲ್ಲಿ ರಕ್ತ ನೋಡಿದಾಗ ಹಿಮೊಗ್ಲೋಬಿನ್ 9.4. ಗರ್ಭಿಣಿಯಲ್ಲದ ಹೆಂಗಸಿಗೆ 12ಕ್ಕಿಂತ ಕಡಿಮೆಯಾದರೆ ರಕ್ತಹೀನತೆ. ಖಿನ್ನತೆಗೆ ಔಷಧಿ ಸದ್ಯ ಬೇಡ, ತಿಂಗಳು ಬಿಟ್ಟು ಬನ್ನಿ ಎಂದು ಕಬ್ಬಿಣದ ಮಾತ್ರೆ ಬರೆದುಕೊಟ್ಟರು. ಮುಂದೆ ಬರುವ ಸುಧಾರಣೆಯಲ್ಲಿ ಒಂದು ಪಾಲು ಈ ಮಾತ್ರೆಯದ್ದು. ತರಬೇತಿಯ ಲೆಕ್ಕಕ್ಕೆ ಅದನ್ನೂ ಸೇರಿಸಿಕೊಂಡು ಬೀಗುವುದು ಇಂಥ ವರದಿಗಳಲ್ಲಿ ಮಾಮೂಲು. ಇಲ್ಲಿ ಅದು ಬೇಡ.

ಮೊದಲ ನಾಲ್ಕು ವಾರ

ಕೈಪಿಡಿ ಮಲಯಾಳದ್ದು. ಟೀಚರ್ ಓದುತ್ತಾ ಕನ್ನಡದಲ್ಲಿ ಹೇಳುತ್ತಿದ್ದರು, ತಾಯಂದಿರು ತಮ್ಮತಮ್ಮಲ್ಲಿ ತುಳುವಿಗೆ ತಂದುಕೊಳ್ಳುತ್ತಿದ್ದರು. ‘ಮಗುವನ್ನು ಹೊಗಳಿ’ ಎಂದಾಗ ಅಂಗನವಾಡಿ ಗಪ್‌ಚಿಪ್. ಸ್ವಂತ ಮಗುವನ್ನು ಹೊಗಳಿದರೆ ಕಣ್ಣು ತಾಗುತ್ತದೆ, ಮೇಲಾಗಿ ಹೊಗಳುವುದೆಂದರೆ ಮುಖಸ್ತುತಿ. ಮುಂದಿನ ವಾರ ಆ ಪದವನ್ನೇ ಬಿಟ್ಟು ‘ಕಂಡದ್ದನ್ನು ಹೇಳುವುದು’ ಎಂದು ಬದಲಿಸಿದರು. ‘ನೀನು ಜಾಣ’ ಅಲ್ಲ. ‘ಚಪ್ಪಲಿ ಜೋಡಿಸಿ ಇಟ್ಟಿದ್ದಿ’. ಮಗುವಿಗಲ್ಲ, ಕೆಲಸಕ್ಕೆ ಮೆಚ್ಚುಗೆ. ಅದಕ್ಕೆ ದೃಷ್ಟಿಯ ಭಯವಿಲ್ಲ. ಮೆಚ್ಚುಗೆ ಇಂಥದ್ದಕ್ಕೆಂದು ಬೊಟ್ಟು ಮಾಡಿ ಹೇಳಿದರೆ ಮಗು ಆ ಕೆಲಸವನ್ನು ಮತ್ತೆ ಮಾಡುವ ಸಂಭವ ಹೆಚ್ಚು ಎಂಬುದು ಮೂಲ ಪಾಠದಲ್ಲೂ ಇತ್ತು, ಪದ ಅದನ್ನು ಮುಚ್ಚಿಹಾಕಿತ್ತು ಅಷ್ಟೆ.

ದಿನದ ಹತ್ತು ನಿಮಿಷಕ್ಕೆ ಒಂದು ಚಾರ್ಟ್ ಕೊಟ್ಟಿದ್ದರು. ವಾರಕ್ಕೆ ಏಳು ಚೌಕ, ಆಟವಾಡಿದ ದಿನ ಟಿಕ್. ಈ ತಾಯಿ ಮೊದಲ ವಾರ ಐದು ಟಿಕ್ ತಂದರು, ಎರಡನೆಯ ವಾರ ಮೂರು, ಮೂರನೆಯದಕ್ಕೆ ಒಂದು. ನಾಲ್ಕನೆಯ ವಾರ ಚಾರ್ಟ್ ಮನೆಯಲ್ಲಿ ಮರೆತು ಬಂದೆ ಎಂದರು. ಅಂದು ಒತ್ತಡದ ಅಂಕ ಕೇಳಿದಾಗ 62. ಇಳಿಯಬೇಕಾದದ್ದು ಐದು ಅಂಕ ಏರಿತ್ತು.

ಸಣ್ಣ ಹಟವನ್ನು ಗಮನಿಸದೆ ಬಿಡುವ ಪಾಠವೂ ಆ ಹೊತ್ತಿಗೆ ಆಗಿತ್ತು. ಊಟದ ಹೊತ್ತಿನ ಹಟಕ್ಕೆ ಅದನ್ನು ಹೂಡಿದರು. ಮೊದಲ ದಿನ ಏಳು ನಿಮಿಷ ಅತ್ತ, ಎರಡನೆಯ ದಿನ ಹನ್ನೆರಡು, ಮೂರನೆಯ ದಿನ ಇಪ್ಪತ್ತೈದು. ಅತ್ತೆ ತಡೆಯಲಾರದೆ ಮೊಬೈಲ್ ಕೈಗೆ ಕೊಟ್ಟರು. ಆರುವ ಮೊದಲು ದೀಪ ಭಗ್ಗೆನ್ನುತ್ತದಲ್ಲ, ಹಟವೂ ಹಾಗೆಯೇ. ಗಮನ ಸಿಗದಾದಾಗ ಮೊದಲ ಕೆಲವು ದಿನ ಇನ್ನಷ್ಟು ಏರಿ, ಆಮೇಲೆ ಇಳಿಯುತ್ತದೆ. ಇದನ್ನು ಮುಂಚೆಯೇ ಹೇಳಿರಲಿಲ್ಲ. ಏರಿದಲ್ಲಿಗೇ ಸೋತುಬಿಟ್ಟರೆ ಮಗು ಕಲಿಯುವುದು ಒಂದೇ ಪಾಠ: ಏಳು ನಿಮಿಷ ಸಾಲದು, ಇಪ್ಪತ್ತೈದು ಬೇಕು. ನಾಲ್ಕನೆಯ ದಿನ ಅವನು ಶುರು ಮಾಡಿದ್ದೇ ಅಲ್ಲಿಂದ.

ಐದನೆಯ ವಾರ ಆ ತಾಯಿ ಬರಲಿಲ್ಲ.

ತಿರುವು

ಇಲ್ಲಿ ಒಂದು ನಿರ್ಧಾರ ಮಾಡಬೇಕಿತ್ತು. ಬಾರದವರನ್ನು ‘ಆಸಕ್ತಿ ಇಲ್ಲ’ ಎಂದು ಪಟ್ಟಿಯಿಂದ ತೆಗೆಯುವುದು ಸುಲಭ, ಬಹುಪಾಲು ಕಡೆ ನಡೆಯುವುದೂ ಅದೇ. ಅದರ ಬದಲು ಟೀಚರ್ ಶನಿವಾರ ಮನೆಗೆ ಹೋದರು. ಪಾಠದ ಮಾತೆತ್ತದೆ, ತಡ್ಪೆಯ ಪಕ್ಕ ಕೂತು ಎಲೆ ಕತ್ತರಿಸಿಕೊಟ್ಟರು. ಅರ್ಧ ಗಂಟೆಯ ಮೇಲೆ ಮಾತು ಬಂತು.

‘ಚಾರ್ಟಿನ ಖಾಲಿ ಚೌಕ ನೋಡಿದರೆ ಹೊಟ್ಟೆಯಲ್ಲಿ ಏನೋ ಆಗುತ್ತದೆ ಟೀಚರ್. ಮೊದಲು ಹೊಡೆದದ್ದಕ್ಕೆ ಮಾತ್ರ ಬೇಜಾರಿತ್ತು. ಈಗ ಆಡಿಸದ್ದಕ್ಕೂ ಬೇಜಾರು.’

ಅತ್ತೆ ಒಳಗಿನಿಂದ ಸೇರಿಸಿದರು: ‘ನಾನು ಐದು ಮಕ್ಕಳನ್ನು ಸಾಕಿದ್ದೇನೆ. ಒಂದು ಕ್ಲಾಸಿಗೂ ಹೋದವಳಲ್ಲ.’

ಗುರುವಾರವೇ ಕಟ್ಟಿದ ಬೀಡಿಯನ್ನು ಬ್ರಾಂಚಿಗೆ, ಅಂದರೆ ಬೀಡಿ ಪಡೆದುಕೊಳ್ಳುವ ಕೇಂದ್ರಕ್ಕೆ, ಕೊಡುವ ದಿನವೂ ಆಗಿತ್ತು. ಉಳಿದ ದಿನ 700 ಬೀಡಿ ಕಟ್ಟುವವರು ತರಗತಿಯ ದಿನ 450ಕ್ಕೆ ನಿಲ್ಲುತ್ತಿದ್ದರು. ನೆಮ್ಮದಿ ಕೊಡಲೆಂದು ನಡೆಸುವ ತರಗತಿ ವಾರಕ್ಕೆ 250 ಬೀಡಿಯ ಕೂಲಿ ತಿನ್ನುತ್ತಿದೆ ಎಂಬುದು ಅಲ್ಲಿಯವರೆಗೆ ಯಾರ ಲೆಕ್ಕಕ್ಕೂ ಬಂದಿರಲಿಲ್ಲ.

ಆ ಭೇಟಿಯ ಮೇಲೆ ಬದಲಿಸಿದ್ದು ಇವು. ಚಾರ್ಟ್ ನಿಂತಿತು, ಎಲ್ಲ ಹನ್ನೊಂದು ಮಂದಿಗೂ. ಹತ್ತು ನಿಮಿಷವನ್ನು ಐದಕ್ಕೆ ಇಳಿಸಿ, ಹೇಗೂ ನಡೆಯುವ ಕೆಲಸವೊಂದಕ್ಕೆ ಕಟ್ಟಿದರು. ಈ ಮನೆಯಲ್ಲಿ ಅದು ಸಂಜೆಯ ಸ್ನಾನ. ಹಂಡೆಯ ಬಿಸಿನೀರು, ಬಚ್ಚಲು, ಇಬ್ಬರೇ. ಮಗ ಹೇಳಿದ ಆಟ, ತಾಯಿ ತಿದ್ದುವಂತಿಲ್ಲ, ಪ್ರಶ್ನೆ ಕೇಳುವಂತಿಲ್ಲ, ಅವನು ಮಾಡುತ್ತಿರುವುದನ್ನು ಸುಮ್ಮನೆ ಬಾಯಲ್ಲಿ ಹೇಳುತ್ತಾ ಹೋಗುವುದು. ತರಗತಿ ಗುರುವಾರದಿಂದ ಮಂಗಳವಾರ ಮಧ್ಯಾಹ್ನ ಎರಡಕ್ಕೆ ಹೋಯಿತು, ಬೀಡಿಯ ತಡ್ಪೆ ತರಬಹುದೆಂಬ ಅನುಮತಿಯೊಂದಿಗೆ. ಅಂಗನವಾಡಿ ಮಕ್ಕಳು ಮಲಗುವ ಹೊತ್ತಾದ್ದರಿಂದ ತರಗತಿ ನಡೆದದ್ದು ಪಕ್ಕದ ವಾಚನಾಲಯದಲ್ಲಿ. ಹೊಗೆಸೊಪ್ಪಿನ ಧೂಳು ಮಕ್ಕಳಿರುವ ಕಡೆ ಬರಬಾರದೆಂಬುದೂ ಒಂದು ಕಾರಣ.

ಮೊಬೈಲಿಗೆ ಸಂಪೂರ್ಣ ನಿಷೇಧವನ್ನು ಈ ಮನೆ ಮೊದಲೇ ಒಮ್ಮೆ ಮಾಡಿ ನಾಲ್ಕೇ ದಿನದಲ್ಲಿ ಸೋತಿತ್ತು. ಅದಕ್ಕಾಗಿ ಈ ಸಲ ನಿಷೇಧವಲ್ಲ, ಜಾಗ ಬದಲು. ಸಂಜೆ ಐದಕ್ಕೆ, ತಾಯಿ ಬೀಡಿ ಕಟ್ಟು ಹಾಕುವಾಗ, ಇಪ್ಪತ್ತು ನಿಮಿಷ ಮೊಬೈಲ್. ಊಟಕ್ಕಿಲ್ಲ. ಚಾರ್ಜರ್ ಅಡುಗೆಮನೆಯ ಮೇಲಿನ ಹಲಗೆಗೆ ಹೋಯಿತು. ಕೊಡುವ, ಹಿಂತೆಗೆಯುವ ಅಧಿಕಾರ ಅತ್ತೆಯದ್ದು. ಅದುವರೆಗೆ ನಿಯಮ ಮುರಿಯುತ್ತಿದ್ದವರ ಕೈಗೇ ನಿಯಮ ಕೊಟ್ಟದ್ದು ಈ ಪ್ರಕರಣದಲ್ಲಿ ಅತಿ ಕಡಿಮೆ ಖರ್ಚಿನಲ್ಲಿ ಅತಿ ಹೆಚ್ಚು ಫಲ ಕೊಟ್ಟ ಕ್ರಮ. ಗಮನಿಸದೆ ಬಿಡುವುದನ್ನು ಮತ್ತೆ ಶುರು ಮಾಡಿದ್ದು ಅತ್ತೆ, ತಾಯಿ, ತಂದೆ ಮೂವರೂ ಒಂದು ವಾರ ತಡೆದುಕೊಳ್ಳುತ್ತೇವೆಂದು ಒಪ್ಪಿದ ಮೇಲೆ. ಜ್ವರವಿದ್ದ ದಿನ, ನೆಂಟರಿದ್ದ ದಿನ ಬೇಡ. ತಂಗಿಯನ್ನು ದೂಡಿದರೆ ಅದು ಗಮನಿಸದೆ ಬಿಡುವ ಸಂಗತಿಯಲ್ಲ: ಮೊದಲು ತಂಗಿಯನ್ನು ಎತ್ತಿಕೊಳ್ಳುವುದು, ಅವನ ಕೈ ಹಿಡಿದು ‘ದೂಡಲಿಕ್ಕಿಲ್ಲ’ ಎಂಬ ಒಂದೇ ಮಾತು, ಎರಡು ನಿಮಿಷ ಪಕ್ಕದಲ್ಲಿ ಕೂರಿಸುವುದು, ಭಾಷಣ ಇಲ್ಲ. ಈ ಸಲ ಊಟದ ಹಟ ಐದನೆಯ ದಿನ ಇಳಿಯತೊಡಗಿತು.

ತಂದೆಯ ಪಾಲು

‘ನಾನು ಅಂಥ ಕ್ಲಾಸಿಗೆ ಬಂದರೆ ಗಾಡಿಯಲ್ಲಿ ಜೊತೆಯವರು ನಗಾಡುತ್ತಾರೆ ಟೀಚರೇ’ ಎಂದಿದ್ದರು ತಂದೆ. ವಾರದ ದಿನ ಹಗಲಿಗೆ ತರಗತಿ ಇಟ್ಟು ತಂದೆಯರು ಬರಲಿಲ್ಲ ಎನ್ನುವುದರಲ್ಲಿ ಅರ್ಥವೂ ಇಲ್ಲ. ಭಾನುವಾರ ಸಂಜೆ ಐದಕ್ಕೆ, ವಾಲಿಬಾಲ್ ಆಟಕ್ಕೆ ಮೊದಲು, ಅದೇ ವಾಚನಾಲಯದಲ್ಲಿ ಒಂದು ಗಂಟೆಯ ಮೂರು ಕೂಟ ಇಟ್ಟರು. ಮೊದಲನೆಯದು ಸೋತಿತು. ‘ತಂದೆಯಾಗಿ ನಿಮಗೆ ಏನನಿಸುತ್ತದೆ’ ಎಂದು ಶುರು ಮಾಡಿದ್ದೇ ತಪ್ಪು. ಐವರು ಬಂದಿದ್ದರು, ಐವರೂ ಫ್ಯಾನ್ ನೋಡಿದರು. ಎರಡನೆಯದನ್ನು ಒಂದು ಕೆಲಸದಿಂದ ಶುರು ಮಾಡಿದರು: ಮಗುವನ್ನು ಮಲಗಿಸುವುದು ಹೇಗೆ. ಮಾತು ಬಂತು. ನಡುವಿನ ದಿನಗಳಿಗೆ ಮೂರು ನಿಮಿಷದ ಧ್ವನಿ ಸಂದೇಶ ವಾಟ್ಸಾಪಿನಲ್ಲಿ ಹೋಗುತ್ತಿತ್ತು. ಗಾಡಿಯಲ್ಲಿ ಕಿವಿಗೆ ಇಯರ್‌ಫೋನ್ ಹಾಕಿ ಕೇಳಿದರೆ ನಗಾಡುವವರಿಲ್ಲ.

ಈ ತಂದೆ ವಹಿಸಿಕೊಂಡದ್ದು ಎರಡು. ಒಂದು, ಮಗನ ರಾತ್ರಿ. ಎಂಟೂಕಾಲಕ್ಕೆ ಮನೆ, ಎಂಟೂವರೆಗೆ ಒಟ್ಟಿಗೆ ಊಟ, ಒಂಬತ್ತಕ್ಕೆ ಕಾಲು ತೊಳೆದು ಚಾಪೆ, ಒಂದು ಕತೆ, ದೀಪ ಆರಿಸಿ ಮಗ್ಗುಲಲ್ಲಿ ಮಲಗುವುದು. ದಿನವೂ ಅದೇ ಕ್ರಮ, ಕತೆ ಮಾತ್ರ ಬೇರೆ. ಮೊದಲ ವಾರ ಮಲಗಿಸಲು ಒಂದು ಗಂಟೆಗೂ ಮೇಲೆ ಹಿಡಿಯಿತು, ಮೂರನೆಯ ವಾರ ಅರ್ಧ ಗಂಟೆ.

ಎರಡನೆಯದು, ಶನಿವಾರ ರಾತ್ರಿಯ ಮಗಳು. ಮರುದಿನ ಗ್ಯಾರೇಜಿಗೆ ರಜೆ. ತಾಯಿ ಅತ್ತೆಯ ಕೋಣೆಯಲ್ಲಿ ಮಲಗುವುದು. ಮಗಳು ಎದ್ದರೆ ತಂದೆ ಒಂದು ಗುಟುಕು ನೀರು ಕೊಟ್ಟು ಬೆನ್ನು ತಟ್ಟುವುದು. ಹಗಲಿನ ಹಾಲು ನಿಲ್ಲಿಸಲಿಲ್ಲ. ಮೊದಲ ಶನಿವಾರ ಐವತ್ತು ನಿಮಿಷ ಅತ್ತಳು, ಗೋಡೆಯಾಚೆ ತಾಯಿಯೂ ಎದ್ದು ಕೂತಿದ್ದರು. ಎರಡನೆಯ ಶನಿವಾರ ಇಪ್ಪತ್ತು. ನಾಲ್ಕನೆಯ ವಾರಕ್ಕೆ ಉಳಿದ ರಾತ್ರಿಗಳಲ್ಲೂ ಏಳುವುದು ಒಂದೇ ಸಲಕ್ಕೆ ಇಳಿಯಿತು.

ತಂದೆಯ ಒತ್ತಡದ ಅಂಕ ಈ ನಡುವೆ 36ರಿಂದ 44ಕ್ಕೆ ಏರಿತು. ಇದನ್ನು ತರಬೇತಿಯ ಸೋಲೆಂದು ಓದಿದವರೂ ಇದ್ದರು. ಆದರೆ ಮೊದಲ ಅಂಕದ ಹೊತ್ತಿಗೆ ಅವರು ಮಕ್ಕಳನ್ನು ಎಚ್ಚರದಲ್ಲಿ ಕಾಣುತ್ತಿದ್ದದ್ದೇ ದಿನಕ್ಕೆ ಅರ್ಧ ಗಂಟೆ. ಹೊರದ ಹೊರೆಯ ಭಾರ ಯಾರಿಗೂ ತಿಳಿಯದು. ಹೆಂಡತಿಯ ಅಂಕ ಇಳಿದದ್ದೂ ಗಂಡನದ್ದು ಏರಿದ್ದೂ ಒಂದೇ ತಿಂಗಳಲ್ಲಿ.

ಅಂಕಗಳು, ಒಂದು ವರ್ಷದವರೆಗೆ

ಎಂಟು ವಾರದ ತರಬೇತಿ ಹನ್ನೊಂದಕ್ಕೆ ಎಳೆಯಿತು, ಮಾರ್ಚ್ ಕೊನೆಗೆ ಮುಗಿಯಿತು. ಕೊನೆಯವರೆಗೆ ಉಳಿದವರು ಎಂಟು ತಾಯಂದಿರು. ಈ ತಾಯಿಯ ಪಿಎಚ್‌ಕ್ಯೂ 13ರಿಂದ 6ಕ್ಕೆ, ಒತ್ತಡ 62ರಿಂದ 45ಕ್ಕೆ ಬಂತು. ತಂದೆಯ ಒತ್ತಡ 39. ಹಿಮೊಗ್ಲೋಬಿನ್ 11.2. ಮಗನ ಹಟ ನಿಂತಿರಲಿಲ್ಲ. ದಿನಕ್ಕೆ ಐದಾರು ಇದ್ದದ್ದು ಎರಡು ಮೂರಕ್ಕೆ ಇಳಿದಿತ್ತು. ತಾಯಿಯ ನೆಮ್ಮದಿ ಮಗನ ನಡತೆಗಿಂತ ಬಹಳ ಮುಂದೆ ಹೋಗಿತ್ತು. ಮಗ ಸರಿಯಾದದ್ದರಿಂದ ತಾಯಿ ಹಗುರಾದರು ಎಂಬ ವಿವರಣೆ ಇಲ್ಲಿ ನಿಲ್ಲುವುದಿಲ್ಲ. ‘ನಾನು ಕೆಟ್ಟವಳು’ ಎಂಬ ಪ್ರಶ್ನೆಗೆ ಎರಡಿದ್ದದ್ದು ಸೊನ್ನೆಯಾಗಿತ್ತು. ಏನಾಯಿತು ಎಂದು ಕೇಳಿದಾಗ ಅವರು ಪಾಠದ ಹೆಸರು ಹೇಳಲಿಲ್ಲ, ಮಂಗಳವಾರದ ಕೂಟದಲ್ಲಿ ಇನ್ನೊಬ್ಬ ತಾಯಿ ಮಗಳಿಗೆ ಹೊಡೆದು ತಾನೂ ಅತ್ತದ್ದನ್ನು ಹೇಳಿಕೊಂಡ ದಿನವನ್ನು ನೆನೆದರು.

ಸೆಪ್ಟೆಂಬರ್‌ನಲ್ಲಿ, ಆರು ತಿಂಗಳಿಗೆ, ಒತ್ತಡ 48. ಅಕ್ಟೋಬರಿನ ಒಂದು ಮಳೆಗೆ ಪಾಚಿಗಟ್ಟಿದ ಅಂಗಳದಲ್ಲಿ ಅತ್ತೆ ಜಾರಿ ಬಿದ್ದು ಸೊಂಟದ ಎಲುಬು ಮುರಿಯಿತು. ಐದು ಗಂಟೆಯ ಇಪ್ಪತ್ತು ನಿಮಿಷ ಕಾಯುವವರಿಲ್ಲವಾಯಿತು. ಹಾಸಿಗೆಯ ಆರೈಕೆ ಸೊಸೆಯ ಮೇಲೆ ಬಿತ್ತು. ಆಸ್ಪತ್ರೆಯ ಖರ್ಚಿಗೆ ಗಂಡ ಭಾನುವಾರವೂ ಕೆಲಸಕ್ಕೆ ಹೋದರು, ಶನಿವಾರದ ರಾತ್ರಿ ತಿಂಗಳಿಗೆ ಎರಡಕ್ಕೆ ಇಳಿಯಿತು. ಎರಡೂವರೆಗೆ ಕಾಲಿಟ್ಟ ಮಗಳು ಅಣ್ಣನ ಹಟವನ್ನು ವಹಿಸಿಕೊಂಡಳು. ಒಂದು ವರ್ಷಕ್ಕೆ ಅಳೆದಾಗ ಒತ್ತಡ 56, ಶುರುವಿನ ಅಂಕಕ್ಕೆ ಒಂದೇ ಕಡಿಮೆ. ಪಿಎಚ್‌ಕ್ಯೂ 9.

ಇದು ಈ ಮನೆಗೆ ಮಾತ್ರ ಆದದ್ದಲ್ಲ. ಗುಂಪು ತರಬೇತಿಗಳು ಹೆತ್ತವರ ಮನಸ್ಸಿನ ಆರೋಗ್ಯಕ್ಕೆ ಏನು ಮಾಡುತ್ತವೆಂದು 48 ಅಧ್ಯಯನಗಳನ್ನು ಒಟ್ಟುಹಾಕಿ ನೋಡಿದ, 2014ರಲ್ಲಿ ಪ್ರಕಟವಾದ, ಕೊಕ್ರೇನ್ ಎಂಬ ಅಂತಾರಾಷ್ಟ್ರೀಯ ಸಂಶೋಧನಾ ಸಂಸ್ಥೆಯ ಪರಾಮರ್ಶೆ ಕಂಡುಕೊಂಡದ್ದೂ ಇದೇ ನಕ್ಷೆ. ತರಬೇತಿ ಮುಗಿದ ಕೂಡಲೆ ಖಿನ್ನತೆ, ಆತಂಕ, ಒತ್ತಡ, ಸಿಟ್ಟು, ಅಪರಾಧಿ ಭಾವ ಎಲ್ಲ ಇಳಿಯುತ್ತವೆ, ಆತ್ಮವಿಶ್ವಾಸ ಏರುತ್ತದೆ. ಆರು ತಿಂಗಳಿಗೆ ಒತ್ತಡ ಮತ್ತು ಆತ್ಮವಿಶ್ವಾಸದ ಸುಧಾರಣೆ ಮಾತ್ರ ಉಳಿದಿತ್ತು, ಒಂದು ವರ್ಷಕ್ಕೆ ಖಚಿತವೆನ್ನಬಹುದಾದದ್ದು ಯಾವುದೂ ಇಲ್ಲ. ತಂದೆಯರ ಬಗ್ಗೆ ಸಿಕ್ಕ ಮಾಹಿತಿ ತೀರ ಕಡಿಮೆ. ಸಿಕ್ಕಷ್ಟರಲ್ಲಿ ಅವರ ಒತ್ತಡ ಸ್ವಲ್ಪ ಕಾಲ ಇಳಿದದ್ದು ಕಾಣುತ್ತದೆ.

ಆದರೆ ಮೊತ್ತದ ಒಳಗೆ ಮತ್ತೆ ಇಣುಕಬೇಕು. ವರ್ಷದ 9ರಲ್ಲಿ ಸುಸ್ತಿಗೆ 3, ನಿದ್ದೆಗೆ 2, ಮನಸ್ಸು, ಆಸಕ್ತಿ, ಊಟ, ಗಮನಕ್ಕೆ ಒಂದೊಂದು. ಅಪರಾಧಿ ಭಾವಕ್ಕೆ ಈಗಲೂ ಸೊನ್ನೆ. ಪೆಟ್ಟು ತಿಂಗಳಿಗೆ ಒಂದೆರಡು, ಅದನ್ನೂ ಅವರಾಗಿಯೇ ಹೇಳಿದರು. ಹೊರೆ ಹೆಚ್ಚಿದ್ದರಿಂದ ಬಳಲಿಕೆ ಮರಳಿತ್ತು. ತಾನು ಕೆಟ್ಟ ತಾಯಿಯೆಂಬ ನಂಬಿಕೆ ಮರಳಿರಲಿಲ್ಲ. ಬಳಲಿಕೆಗೆ ಇನ್ನೊಂದು ಸುತ್ತು ಪಾಠ ಮದ್ದಲ್ಲ. ಅತ್ತೆಯ ಆರೈಕೆಗೆ ಪಂಚಾಯತಿನ ಪಾಲಿಯೇಟಿವ್ ನರ್ಸ್ (ಹಾಸಿಗೆ ಹಿಡಿದವರ ಆರೈಕೆ ಮಾಡುವವರು) ಮನೆಗೆ ಬರುವಂತೆ ಆಶಾ ಕಾರ್ಯಕರ್ತೆಯ ಮೂಲಕ ಹೆಸರು ಬರೆಸಿದ್ದೇ ಆ ತಿಂಗಳ ‘ತರಬೇತಿ’.

ಮುಂದಿನ ತಂಡಕ್ಕೆ ಬದಲಾದದ್ದು

ಪ್ರಶ್ನಾವಳಿ ಒಬ್ಬೊಬ್ಬರಿಗೇ, ಮನೆಯವರಿಗೆ ಕೇಳಿಸದಷ್ಟು ದೂರದಲ್ಲಿ. ಮಧ್ಯದಲ್ಲೊಮ್ಮೆ ಅಳೆಯುವುದು ಕಡ್ಡಾಯ; ನಾಲ್ಕನೆಯ ವಾರದ 62 ಕಣ್ಣಿಗೆ ಬೀಳದಿದ್ದರೆ ಐದನೆಯ ವಾರದ ಗೈರುಹಾಜರಿ ಬರೀ ಸೋಮಾರಿತನವೆನಿಸುತ್ತಿತ್ತು. ಒಂದು ತರಗತಿ ತಪ್ಪಿದರೆ ಮೂರು ದಿನದೊಳಗೆ ಮನೆ ಭೇಟಿ, ಹಾಜರಿ ಪುಸ್ತಕವಿಲ್ಲದೆ. ಬ್ರಾಂಚಿನ ದಿನ, ಅಡಿಕೆ ಕೊಯ್ಲು, ಊರಿನ ಜಾತ್ರೆ ಕೇಳಿಕೊಂಡೇ ದಿನ ಗೊತ್ತು ಮಾಡುವುದು. ಮೂರನೆಯ ವಾರಕ್ಕೆ ಅತ್ತೆಯಂದಿರನ್ನೂ ಕರೆಯುವುದು, ಕೇಳುಗರಾಗಿ ಅಲ್ಲ, ತಾವು ಮಕ್ಕಳನ್ನು ಮಲಗಿಸುತ್ತಿದ್ದ ಬಗೆಯನ್ನು ಹೇಳಲು. ಮುಗಿದ ಮೇಲೆ ಮೂರು, ಆರು, ಒಂಬತ್ತನೆಯ ತಿಂಗಳಿಗೆ ಒಂದೊಂದು ಕೂಟ, ಅದರಲ್ಲಿ ಹೊಸ ಪಾಠವಿಲ್ಲ. ಮನೆಯಲ್ಲಿ ಯಾವ ಕೆಲಸ ಯಾರ ಮೇಲೆ ಬಿದ್ದಿದೆ ಎಂಬ ಲೆಕ್ಕ ಮಾತ್ರ.

ಚಾರ್ಟ್ ಮತ್ತೆ ಅಚ್ಚು ಹಾಕಿಸಲಿಲ್ಲ. ಮೊದಲ ತಂಡದ ಆರು ತಾಯಂದಿರು ಈಗಲೂ ಮಂಗಳವಾರ ಎರಡಕ್ಕೆ ವಾಚನಾಲಯದ ಜಗಲಿಯಲ್ಲಿ ತಡ್ಪೆ ಇಟ್ಟುಕೊಂಡು ಸೇರುತ್ತಾರೆ. ಟೀಚರ್ ಇರುವುದು ತಿಂಗಳಿಗೊಮ್ಮೆ.